ಎರಡು ಹೊಸ್ತಿಲುಗಳು

ಪ್ರಯತ್ನವಿಲ್ಲದೆ ಯಾವ ಕಾರ್ಯವೂ ಸಿದ್ಧಿಸದೆಂಬುದನ್ನು ನಾವೆಲ್ಲರೂ ಬಲ್ಲೆವು. ಮಕ್ಕಳಿಗೂ ದಿನವೂ ಹೇಳುತ್ತೇವೆ. ಆದರೆ ಪ್ರಯತ್ನವೆಂದರೇನು ಎಂಬುದನ್ನು ಬಿಡಿಸಿ ನೋಡುವುದು ವಿರಳ. ಮನಸ್ಸು ಚಂಚಲವಾದುದು, ಅದನ್ನು ನಿಲ್ಲಿಸುವುದೆಂತು ಎಂದು ಅರ್ಜುನನು ಕೇಳಿದಾಗ ಶ್ರೀಕೃಷ್ಣನು ಗೀತೆಯ ಆರನೆಯ ಅಧ್ಯಾಯದಲ್ಲಿ ಅಭ್ಯಾಸ, ವೈರಾಗ್ಯಗಳೆರಡನ್ನೂ ಜೊತೆಯಾಗಿಯೇ ಉಪದೇಶಿಸಿದನು. ಒಗ್ಗಿಹೋದ ಸುಖದ ಹಂಗನ್ನು ತೊರೆಯುವುದು ಒಂದು; ಕೈಗೊಂಡುದನ್ನು ಬಿಡದೆ ಮಾಡುವುದು ಇನ್ನೊಂದು. ಲೌಕಿಕ ವಿದ್ಯೆಗೂ ಈ ನ್ಯಾಯವೇ ಸಲ್ಲುತ್ತದೆ. ನಮ್ಮ ಕಾಲದ ದೃಷ್ಟಾಂತವೊಂದರಿಂದ ಇದನ್ನು ವಿಚಾರಿಸೋಣ.

ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ಜನಿಸಿ ಗದಗಿನಲ್ಲಿ ಬೆಳೆದವರು. ತಂದೆ ಗುರುರಾಜ ಜೋಶಿಯವರು ಉಪಾಧ್ಯಾಯರು. ಮನೆ ತುಂಬ ಮಕ್ಕಳು. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿದ ಬಾಲಕನಿಗೆ ಹಾಗೆಯೇ ಹಾಡಬೇಕೆಂಬ ಹಂಬಲ ಹತ್ತಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟರು. ಊಟದ ವೇಳೆ ಹೆಚ್ಚಿನ ತುಪ್ಪ ದೊರೆಯಲಿಲ್ಲವೆಂದು ಮುನಿದು ಹೊರಟರೆಂಬ ಕಥೆಯೂ ಪ್ರಚಲಿತವಾಗಿದೆ. ಟಿಕೇಟಿಲ್ಲದೆ ರೈಲಿನಲ್ಲಿ ಹಾಡುತ್ತ ಸಾಗಿದ ಆ ಹುಡುಗನು ಗ್ವಾಲಿಯರ್, ಕಲಕತ್ತೆ, ಜಲಂಧರ ಮೊದಲಾದ ಊರುಗಳಲ್ಲಿ ಸಿಕ್ಕವರ ಬಳಿ ಸಿಕ್ಕಷ್ಟು ಕಲಿತನು. ಕಲಕತ್ತೆಯಲ್ಲಿ ನಟರೊಬ್ಬರ ಮನೆಯಲ್ಲಿ ಚಾಕರಿಯನ್ನೂ ಮಾಡಿದನು.

ಕೊನೆಗೆ ಜಲಂಧರದಲ್ಲಿ ವಿನಾಯಕರಾವ್ ಪಟವರ್ಧನರು ಆಡಿದ ಮಾತೇನು? ಕುಂದಗೋಳದ ಸವಾಯಿ ಗಂಧರ್ವರಲ್ಲಿಗೆ ಹೋಗು ಎಂದು! ಅಬ್ದುಲ್ ಕರೀಂ ಖಾನರ ಶಿಷ್ಯರಾದ ಆ ಮಹನೀಯರು ಇದ್ದುದು ಹುಬ್ಬಳ್ಳಿಯ ಮಗ್ಗುಲಲ್ಲಿ, ಗದಗಿನಿಂದ ಒಂದು ದಿನದ ಪಯಣವೂ ಇಲ್ಲದ ದೂರದಲ್ಲಿ. ತಂದೆಯವರು ಮಗನನ್ನು ಪತ್ತೆಹಚ್ಚಿ ಮನೆಗೆ ಕರೆತಂದರು. 1936ರಲ್ಲಿ ಕುಂದಗೋಳದ ಶಿಷ್ಯವೃತ್ತಿ ಆರಂಭವಾಯಿತು.

ಹಾಗಾದರೆ ಮೂರು ವರ್ಷಗಳ ಅಲೆದಾಟವು ವ್ಯರ್ಥವೇ? ಹೇಳದೆ ಮನೆ ಬಿಡುವುದನ್ನು ನಾವು ಯಾರಿಗೂ ಆದರ್ಶವೆನ್ನಲಾರೆವು. ಹೆತ್ತವರು ಪಟ್ಟ ಸಂಕಟವು ಸಣ್ಣದಲ್ಲ. ಆದರೂ ಆ ಅಲೆದಾಟವು ಹುಡುಗನನ್ನು ಹದಗೊಳಿಸಿತು. ಮನೆಯ ಊಟದಲ್ಲಿ ತುಪ್ಪ ಸಾಲದೆಂದವನು ಪರರ ಮನೆಯ ಕೆಲಸಕ್ಕೆ ನಾಚದವನಾದನು. ಇದು ಮೊದಲನೆಯ ಹೊಸ್ತಿಲು.

ಎರಡನೆಯ ಹೊಸ್ತಿಲು ಗುರುಗೃಹದ್ದು. ಅದು ಮೊದಲನೆಯದಕ್ಕಿಂತ ಎತ್ತರವಾದುದು. ಅಲ್ಲಿ ಆರಂಭದಲ್ಲಿ ದೊರೆತುದು ಪಾಠವಲ್ಲ, ನೀರು ಹೊರುವ ಕೆಲಸ. ಪಾಠವು ಬಂದ ಮೇಲೂ ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಹೊಸದು ಬೇಕೆಂಬ ಆಸೆಯನ್ನು ಅದುಮಿ ಅದನ್ನೇ ಮತ್ತೆ ಮತ್ತೆ ಸಾಧಿಸುವ ದಿನಚರಿ. ಮನೆ ಬಿಡಲು ಹುಡುಗುತನದ ಹಠ ಸಾಕಾಯಿತು. ಈ ದಿನಚರಿಯಲ್ಲಿ ನಿಲ್ಲಲು ಹಠ ಸಾಲದು, ತಾಳ್ಮೆಯೇ ಬೇಕು.

ಸಾಧನೆಯು ದೂರದಿಂದ ಅಳೆಯುವಂಥದಲ್ಲ. ಅದೇ ಗುರುಗಳ ಶಿಷ್ಯೆ ಗಂಗೂಬಾಯಿ ಹಾನಗಲ್ಲರು ಊರು ಬಿಡಲಿಲ್ಲ. ಸಂಸಾರದ ಹೊರೆಯ ನಡುವೆಯೇ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಹೊಸ್ತಿಲು ಅವರಿಗೂ ಇತ್ತು; ಅದನ್ನು ಮತ್ತೆ ಮತ್ತೆ ದಾಟಬೇಕಾಗಿತ್ತು.

ಫಲವನ್ನು ಲೋಕವೇ ಕಂಡಿದೆ. 1946ರಲ್ಲಿ ಗುರುಗಳ ಷಷ್ಟ್ಯಬ್ದಿಯ ಸಂದರ್ಭದಲ್ಲಿ ಪುಣೆಯಲ್ಲಿ ನಡೆದ ಗಾಯನವು ಭೀಮಸೇನರಿಗೆ ಕೀರ್ತಿ ತಂದಿತು. ಗುರುಗಳು 1952ರಲ್ಲಿ ಅಸ್ತಂಗತರಾದ ಬಳಿಕ, ಅವರ ಸ್ಮರಣೆಗಾಗಿ 1953ರಿಂದ ಅದೇ ಊರಿನಲ್ಲಿ ಸಂಗೀತೋತ್ಸವವು ನಡೆಯತೊಡಗಿತು. ದಾಸರ ಪದಗಳನ್ನು ಹಾಡಿದ ಕಂಠವೇ ಅಭಂಗಗಳನ್ನೂ ಹಾಡಿತು. ಮರಾಠಿಗರು ಅವರನ್ನು ತಮ್ಮವರೆಂದೇ ತಿಳಿದರು. 2008ರಲ್ಲಿ ಭಾರತರತ್ನವು ಸಂದಿತು.

ಇನ್ನು ನಮ್ಮ ವಿಚಾರ. ನಮ್ಮಲ್ಲಿ ಅನೇಕರ ಹಿರಿಯರು ಒಂದು ಟ್ರಂಕಿನೊಡನೆ ಮುಂಬಯಿಯಲ್ಲಿಯೋ ಮದರಾಸಿನಲ್ಲಿಯೋ ಇಳಿದವರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರೂ ಅವರಲ್ಲಿದ್ದರು. ಅವರು ದಾಟಿದ ಹೊಸ್ತಿಲಿನ ಫಲವನ್ನು ನಾವು ಉಣ್ಣುತ್ತಿದ್ದೇವೆ. ಅವರಿಗೆ ಪರಸ್ಥಳವಾಗಿದ್ದ ನಗರವು ನಮಗೆ ಮನೆಯ ಅಂಗಳವಾಗಿದೆ. ಅಂಗಳದಲ್ಲಿಯೇ ಕುಳಿತು ಅವರ ಸಾಹಸವನ್ನು ಕೊಂಡಾಡಿದರೆ ನಮ್ಮದೇನು ಬೆಳೆಯಿತು? ಮಕ್ಕಳ ದಾರಿಯ ಕಲ್ಲುಗಳನ್ನೆಲ್ಲ ನಾವೇ ಎತ್ತಿಟ್ಟು, ಅನಂತರ ಅವರಿಗೆ ನಡೆಯಲು ಬಾರದೆಂದು ಕೊರಗುವುದು ನ್ಯಾಯವೇ?

ಆದುದರಿಂದ ಮನೆಯಲ್ಲಿ ಪ್ರತಿಯೊಬ್ಬರೂ ತಮಗೆ ಕಠಿಣವೆನಿಸಿ ಬಿಟ್ಟ ಒಂದು ವಿಷಯವನ್ನು ಆರಿಸಿಕೊಳ್ಳೋಣ. ಮಗನಿಗೆ ಗಣಿತವಿರಬಹುದು, ಮಗಳಿಗೆ ಸಭೆಯಲ್ಲಿ ಮಾತನಾಡುವ ಅಂಜಿಕೆ ಇರಬಹುದು, ತಂದೆಗೆ ಇರುವ ಊರಿನ ಲಿಪಿ ಇರಬಹುದು, ತಾಯಿಗೆ ಬ್ಯಾಂಕಿನ ವ್ಯವಹಾರವಿರಬಹುದು. ಒಂದು ಮಂಡಲ, ಅಂದರೆ 48 ದಿನ, ನಿತ್ಯವೂ ಅರ್ಧ ಗಂಟೆ ಅದನ್ನೇ ಮಾಡೋಣ. ಮೊದಲ ವಾರದ ಉತ್ಸಾಹವು ಹೊಸ್ತಿಲು ದಾಟಿಸುತ್ತದೆ. ಬೇಸರವು ಬಂದ ದಿನವೂ ಕುಳಿತೆವಾದರೆ, ಅಭ್ಯಾಸವು ಆಗಲೇ ಆರಂಭವಾಯಿತೆಂದು ತಿಳಿಯೋಣ.