ಗಂಟೆಗೆ 12 ನಿಮಿಷ ಜಾಹೀರಾತು: ಯಾವ ಗಂಟೆ?

ಘಾಟಬೋರಾಳದ ಕಿರಾಣಿ ಅಂಗಡಿಯವರೊಬ್ಬರು ನನ್ನ ಮೇಜಿನ ಮೇಲೆ ಒಂದು ಅರ್ಜಿ ಇಟ್ಟರು. ಅರ್ಧ ಗಂಟೆಯ ಧಾರಾವಾಹಿಯಲ್ಲಿ 11 ನಿಮಿಷ ಜಾಹೀರಾತು, ಚಾನೆಲ್ ಮೇಲೆ ಕ್ರಮ ಕೈಗೊಳ್ಳಿ ಎಂಬ ಒಕ್ಕಣೆ. ಯಾವುದೋ ಕಚೇರಿಯ ಬಾಗಿಲಲ್ಲಿ ಕೂರುವ ಏಜಂಟನೊಬ್ಬ ದುಡ್ಡು ಇಸಿದುಕೊಂಡು ಬರೆದುಕೊಟ್ಟಿದ್ದ. ಒಳಗಿನವರು ವಾರಗಟ್ಟಲೆ ಓಡಾಡಿಸಿ, ಕೊನೆಗೆ ‘ಇದು ನಮ್ಮ ಕೆಲಸ ಅಲ್ರೀ’ ಅಂದರಂತೆ. ಮೊದಲ ದಿನವೇ ಹೇಳಲು ಬಾಯಿಗೆ ಏನಾಗಿತ್ತೋ!

ಕಾನೂನು ಇದೆ. ಕೇಬಲ್ ಟೆಲಿವಿಷನ್ ಜಾಲ ನಿಯಮಗಳು, 1994ರ ನಿಯಮ 7(11) ಪ್ರಕಾರ ಗಂಟೆಗೆ 12 ನಿಮಿಷ ಮೀರಿ ಜಾಹೀರಾತು ಹಾಕುವಂತಿಲ್ಲ: ವ್ಯಾಪಾರಿ ಜಾಹೀರಾತಿಗೆ 10, ಚಾನೆಲ್ ತನ್ನದೇ ಕಾರ್ಯಕ್ರಮಗಳ ಪ್ರಚಾರಕ್ಕೆ 2. ದುಡ್ಡು ಕೊಟ್ಟು ನೋಡುವ ಚಾನೆಲ್ಲಿಗೂ ಇದೇ ಮಿತಿ. ‘ಪೇ ಚಾನೆಲ್ ಹಾಕಿಸ್ಕೊಳ್ರಿ, ಜಾಹೀರಾತು ಬರಲ್ಲ’ ಎನ್ನುವ ಕೇಬಲ್ ಹುಡುಗನ ಮಾತು ಸುಳ್ಳು.

ಜನ ಎಡವುವುದು ‘ಗಂಟೆ’ಯಲ್ಲಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮಾವಳಿ ಎಣಿಸುವುದು ಗಡಿಯಾರದ ಗಂಟೆಯನ್ನು. 8ಕ್ಕೆ ಶುರುವಾಗಿ 9ಕ್ಕೆ ಮುಗಿಯುವುದು ಒಂದು ಗಂಟೆ, 8.20ರಿಂದ 9.20 ಲೆಕ್ಕಕ್ಕಿಲ್ಲ. ಅಂಗಡಿಯವರು 8.30ರಿಂದ 9ರವರೆಗೆ ಮಾತ್ರ ಬರೆದಿಟ್ಟಿದ್ದರು. ಅದರ ಹಿಂದಿನ ಅರ್ಧ ಗಂಟೆಯಲ್ಲಿ ಎಷ್ಟು ಜಾಹೀರಾತು ಬಂತು, ಈ ಅರ್ಧ ಗಂಟೆಯಲ್ಲಿ ಚಾನೆಲ್ಲಿನ ಸ್ವಂತ ಪ್ರಚಾರ ಎಷ್ಟು ಎಂದು ಗೊತ್ತಿಲ್ಲದಿದ್ದರೆ ಆ 11 ನಿಮಿಷ ಏನನ್ನೂ ಸಾಬೀತು ಮಾಡುವುದಿಲ್ಲ. ಚಾನೆಲ್ಲಿನವರು ಒಂದೇ ಸಾಲಿನ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆದ್ದರಿಂದ ಇಡೀ ಗಂಟೆ ಕೂತು ಬರೆಯಿರಿ: ತಾರೀಖು, ಚಾನೆಲ್, ಪ್ರತಿ ವಿರಾಮ ಶುರುವಾದ ಮತ್ತು ಮುಗಿದ ಹೊತ್ತು. ಚಾನೆಲ್ಲಿನ ಸ್ವಂತ ಪ್ರಚಾರವನ್ನು ಬೇರೆ ಕಾಲಮ್ಮಿಗೆ ಹಾಕಿ. ನಡುವೆ ಕರೆಂಟ್ ಹೋಯಿತೋ, ಆ ಗಂಟೆ ಬಿಟ್ಟುಬಿಡಿ. ನಮ್ಮ ಕಡೆ ಇದು ಸಣ್ಣ ಷರತ್ತಲ್ಲ ಎಂಬುದು ನನಗೂ ಗೊತ್ತು.

ಇನ್ನೊಂದು ತೊಡಕಿದೆ. ಟ್ರಾಯ್ 2013ರಲ್ಲಿ ಮಿತಿ ಜಾರಿಗೆ ಹೊರಟಾಗ ಪ್ರಸಾರಕರು ದೆಹಲಿ ಹೈಕೋರ್ಟಿಗೆ ಹೋದರು. ಅದೇ ಡಿಸೆಂಬರಿನಲ್ಲಿ, ಅವರ ಮೇಲೆ ಬಲವಂತದ ಕ್ರಮ ಬೇಡವೆಂದು ಮಧ್ಯಂತರ ಆದೇಶವಾಯಿತು. ಆಮೇಲೆ ಕೇಸು ವರ್ಷಗಟ್ಟಲೆ ಎಳೆಯಿತು. ಹಾಗಾಗಿ ದೂರಿನಲ್ಲಿ ಟ್ರಾಯ್ ಹೆಸರೊಂದನ್ನೇ ಬರೆಯಬೇಡಿ, ನಿಯಮ 7(11) ಮೊದಲ ಸಾಲಿನಲ್ಲೇ ಇರಲಿ.

ದೂರು ಹೋಗಬೇಕಾದ್ದು ಚಾನೆಲ್ಲಿನ ಕುಂದುಕೊರತೆ ಅಧಿಕಾರಿಗೆ, ಬರವಣಿಗೆಯಲ್ಲಿ. ಕೇಬಲ್ ನಿಯಮಗಳ 2021ರ ತಿದ್ದುಪಡಿಯಂತೆ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ಫೋನಿನಲ್ಲಿ ಬೈದದ್ದು ದೂರಲ್ಲ. ಅಲ್ಲಿ ಕೆಲಸವಾಗದಿದ್ದರೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಸಿಪಿಗ್ರಾಮ್ಸ್ ಎಂಬ ಕೇಂದ್ರದ ಕುಂದುಕೊರತೆ ಪೋರ್ಟಲ್ಲಿನಲ್ಲಿ ಸಲ್ಲಿಸಿ. ಅದಕ್ಕೆ ಸರ್ಕಾರಿ ಶುಲ್ಕವಿಲ್ಲ. ‘ದೆಹಲಿ ಫೀಸು’ ಕೇಳುವವನನ್ನು ಅಲ್ಲಿಂದಲೇ ಕಳಿಸಿ. ಕ್ರಮವೇನಾಯಿತೆಂದು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನ ಉತ್ತರವಿಲ್ಲದಿದ್ದರೆ ನಿರಾಕರಿಸಿದಂತೆಯೇ ಲೆಕ್ಕ. ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ‘ಬಂದೀತು ಬಿಡ್ರಿ ಸಾಹೇಬ್ರೆ’ ಎಂದು ಕಾದು ಕೂತವರ ಗಡುವು ಹೀಗೇ ಮುಗಿಯುತ್ತದೆ.

ಇಷ್ಟಕ್ಕೂ ಒಂದು ಅಪವಾದ. ಧಾರಾವಾಹಿಯ ಕೆಳಗೆ ಊರಿನ ಬಟ್ಟೆ ಅಂಗಡಿ, ಕೋಚಿಂಗ್ ಕ್ಲಾಸಿನ ಪಟ್ಟಿ ಓಡುತ್ತಿದೆಯೇ? ಅದು ಚಾನೆಲ್ಲಿನದಲ್ಲ, ಕೇಬಲ್‌ನವರ ಕೈವಾಡವಿರಬಹುದು. ಕಾರ್ಯಕ್ರಮಕ್ಕೆ ಅಡ್ಡಬರುವ ಇಂಥ ಪಟ್ಟಿಯನ್ನು ನಿಯಮ 7(10) ಒಪ್ಪುವುದಿಲ್ಲ. ಆಗ ದೆಹಲಿ ಬೇಡ. ಬಸವಕಲ್ಯಾಣದ ಸಹಾಯಕ ಆಯುಕ್ತರು ಅಥವಾ ಬೀದರಿನ ಜಿಲ್ಲಾಧಿಕಾರಿಗೆ ಫೋಟೊ ಸಮೇತ ಕೊಡಿ. ಕೇಬಲ್ ಕಾಯ್ದೆಯಲ್ಲಿ ಅಧಿಕೃತ ಅಧಿಕಾರಿಗಳು ಅವರೇ. ‘ನಮ್ಮ ಕೆಲಸ ಅಲ್ಲ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಯಾರಾದರೂ ಹಾಗಂದರೆ ಅದನ್ನೇ ಬರೆದುಕೊಡಿ ಅನ್ನಿ.

ಜಾಹೀರಾತು ಜಾಸ್ತಿಯೆಂಬ ಒಂದೇ ಕಾರಣಕ್ಕೆ ಪರಿಹಾರ ಕೊಡಿಸುತ್ತೇನೆಂದು ಯಾರಾದರೂ, ವಕೀಲರೇ ಆಗಿರಲಿ, ಮುಂಗಡ ಕೇಳಿದರೆ ಕೊಡಬೇಡಿ. ದೂರಿನ ಪ್ರತಿ, ಸ್ವೀಕೃತಿ, ಕೇಬಲ್ ಬಿಲ್ಲಿನ ರಸೀದಿ, ಈ ಮೂರನ್ನು ಮನೆಯಲ್ಲಿ ಎತ್ತಿಟ್ಟುಕೊಳ್ಳಿ.