ಓರೆ ಫ್ರೆಟ್‌ನ ಬೇಸ್, ಐದು ತಂತಿಯ ಬೇಸ್: ಎರಡೂ ಒಂದೆಯೇ?

ಪ್ರಶ್ನೆ: ಜಾತ್ರೆಯ ರಸಮಂಜರಿ ಕಾರ್ಯಕ್ರಮವೊಂದರಲ್ಲಿ ಐದು ತಂತಿಯ ಬೇಸ್ ಗಿಟಾರ್ ನೋಡಿದೆ. ಮುದ್ದೇಬಿಹಾಳಕ್ಕೆ ಬಂದಿದ್ದ ಇನ್ನೊಂದು ತಂಡದವರ ಬೇಸಿನಲ್ಲಿ ಲೋಹದ ಪಟ್ಟಿಗಳು ಓರೆಯಾಗಿದ್ದವು. ಅದು ‘ಮಲ್ಟಿಸ್ಕೇಲ್’ ಎಂದರು. ನಾನು ಭಜನೆಗೆ ಪೆಟ್ಟಿ ನುಡಿಸುವವನು. ಸ್ಕೇಲ್ ಚೇಂಜರ್ ಹಾರ್ಮೋನಿಯಂನ ಹಾಗೆ ಅದರಲ್ಲೂ ಶ್ರುತಿ ಬದಲಿಸಬಹುದೇ? ಐದು ತಂತಿಯದಕ್ಕೂ ಅದಕ್ಕೂ ಏನು ವ್ಯತ್ಯಾಸ? ಮಗ ಬೇಸ್ ಕಲಿಯುತ್ತೇನೆ ಅನ್ನುತ್ತಾನೆ. ಯಾವುದನ್ನು ಕೊಡಿಸಲಿ?
— ಓದುಗರು, ಸಿಂದಗಿ

ಉತ್ತರ: ಈ ಎರಡನ್ನೂ ಒಂದೆಂದು ತಿಳಿಯುವುದು ಸಹಜ. ಅನೇಕ ಸಲ ಎರಡೂ ಲಕ್ಷಣಗಳು ಒಂದೇ ವಾದ್ಯದಲ್ಲಿ ಕೂಡಿ ಬರುತ್ತವೆ. ಆದರೆ ಒಂದು ತಂತಿಗಳ ಸಂಖ್ಯೆಯ ಮಾತು, ಇನ್ನೊಂದು ತಂತಿಗಳ ಉದ್ದದ ಮಾತು. ನಾಲ್ಕೇ ತಂತಿಯಿದ್ದು ಫ್ರೆಟ್, ಅಂದರೆ ನೀವು ಕಂಡ ಲೋಹದ ಪಟ್ಟಿ, ಓರೆಯಾಗಿರುವ ಬೇಸ್‌ಗಳಿವೆ. ಐದಾರು ತಂತಿಯಿದ್ದೂ ಫ್ರೆಟ್ ನೆಟ್ಟಗಿರುವ ಬೇಸ್‌ಗಳಂತೂ ಬೇಕಾದಷ್ಟಿವೆ.

ಮೊದಲು ನಿಮ್ಮ ಪೆಟ್ಟಿಯ ಸಂಶಯ ನೋಡೋಣ. ಸ್ಕೇಲ್ ಚೇಂಜರ್‌ನಲ್ಲಿ ಮನೆಗಳ ಸಾಲೇ ಪಕ್ಕಕ್ಕೆ ಸರಿಯುತ್ತದೆ. ಬೆರಳು ಅದೇ ಮನೆಯ ಮೇಲಿದ್ದರೂ ಬೇರೆ ರೀಡು ನುಡಿಯುತ್ತದೆ. ಮಲ್ಟಿಸ್ಕೇಲ್ ಬೇಸಿನಲ್ಲಿ ಏನೂ ಸರಿಯುವುದಿಲ್ಲ. ಗಿಟಾರಿನವರು ಸ್ಕೇಲ್ ಎನ್ನುವುದು ತಂತಿ ಕಂಪಿಸುವ ಉದ್ದಕ್ಕೆ, ಅಂದರೆ ಮೇಲಿನ ನಟ್‌ನಿಂದ ಕೆಳಗಿನ ಕುದುರೆಯವರೆಗಿನ ಅಳತೆಗೆ. ಆ ಅಳತೆ ಒಂದೊಂದು ತಂತಿಗೆ ಒಂದೊಂದಾಗಿರುವ ವಾದ್ಯವೇ ಮಲ್ಟಿಸ್ಕೇಲ್. ಅದರಿಂದ ಶ್ರುತಿ ಬದಲಾಗುವುದಿಲ್ಲ.

ಈಗ ಸಂಖ್ಯೆಯ ವಿಷಯ. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ಗೆ ನಾಲ್ಕು ತಂತಿ, ಉದ್ದ 34 ಇಂಚು. ಮಂದ್ರದಿಂದ ತಾರಕ್ಕೆ ಅವು ಇ, ಎ, ಡಿ, ಜಿ. ಜಿ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಸೆಕೆಂಡಿಗೆ 98 ಕಂಪನ. ನಿಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುವುದು ಹೆಚ್ಚುಕಡಿಮೆ ಅದೇ ಸ್ವರದಲ್ಲಿ, 100 ಕಂಪನದಲ್ಲಿ. ಉಳಿದ ಮೂರು ತಂತಿಗಳು ಅದಕ್ಕೂ ಕೆಳಗೆ. ಎಲ್ಲಕ್ಕಿಂತ ಕೆಳಗಿನ ಇ ಸುಮಾರು 41.

ಇದಕ್ಕೆ ಇನ್ನೂ ತಂತಿ ಸೇರಿಸಿದರೆ ‘ಎಕ್ಸ್‌ಟೆಂಡೆಡ್ ರೇಂಜ್’. ಸೇರಿಸುವುದು ಮೇಲಕ್ಕೂ ಇರಬಹುದು, ಕೆಳಕ್ಕೂ ಇರಬಹುದು. 1965ರಲ್ಲಿ ಫೆಂಡರ್ ಕಂಪನಿಯೇ ತಂದ ಐದು ತಂತಿಯ ಬೇಸಿನಲ್ಲಿ ಹೆಚ್ಚಿನ ತಂತಿ ಮೇಲುಗಡೆಯ ಸಿ. 1975ರಲ್ಲಿ ಆಂಟನಿ ಜಾಕ್ಸನ್ ಎಂಬ ವಾದಕರಿಗಾಗಿ ಕಾರ್ಲ್ ಥಾಂಪ್ಸನ್ ಆರು ತಂತಿಯದನ್ನು ಮಾಡಿಕೊಟ್ಟರು. ಅದರಲ್ಲಿ ಮೇಲೆ ಸಿ, ಕೆಳಗೆ ಬಿ ಎರಡೂ ಇದ್ದವು. ಮುಂದೆ ಸಿಂಥಸೈಜರ್‌ಗಳು ಇ ಸ್ವರಕ್ಕಿಂತ ಕೆಳಗಿಳಿದು ಬೇಸ್ ನುಡಿಸತೊಡಗಿದಾಗ ಗಿಟಾರಿನವರಿಗೂ ಆ ಬಿ ಬೇಕಾಯಿತು. ಇಂದು ಐದು ತಂತಿಯ ಬೇಸ್ ಎಂದರೆ ಸಾಮಾನ್ಯವಾಗಿ ಕೆಳಗೆ ಬಿ ಇರುವುದು ಎಂದೇ ಅರ್ಥ. ಅದರ ಕಂಪನ ಸೆಕೆಂಡಿಗೆ ಸುಮಾರು 31.

ತೊಡಕು ಹುಟ್ಟುವುದು ಈ ಬಿ ತಂತಿಯಿಂದ. ತಂತಿಯ ಸ್ವರವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಉದ್ದ, ಬಿಗಿತ, ತೂಕ. ಫ್ರಾನ್ಸಿನ ಮಾರಿನ್ ಮೆರ್ಸೆನ್ 1636ರಲ್ಲೇ ಇದರ ಲೆಕ್ಕವನ್ನು ಪ್ರಕಟಿಸಿದ್ದರು. ಇ ತಂತಿಯನ್ನೇ ಸಡಿಲಿಸಿ ಬಿಗೆ ಇಳಿಸಿದಿರೆನ್ನಿ. ಕಂಪನ ಮುಕ್ಕಾಲು ಪಾಲಾಗಬೇಕಾದರೆ ಬಿಗಿತ 100ರಿಂದ 56ಕ್ಕೆ ಇಳಿಯಬೇಕು. ತಂತಿ ಜೋತುಬಿದ್ದು ಫ್ರೆಟ್‌ಗಳಿಗೆ ಬಡಿಯುತ್ತದೆ. ಅದಕ್ಕೇ ಬಿಗೆ ದಪ್ಪ ತಂತಿ ಹಾಕುತ್ತಾರೆ. ಇ ಸಾಮಾನ್ಯವಾಗಿ 2.7 ಮಿ.ಮೀ. ಇದ್ದರೆ ಬಿ 3.3 ಮಿ.ಮೀ. ಆದರೆ ದಪ್ಪ ಹೆಚ್ಚಿದಷ್ಟೂ ತಂತಿ ಸರಳಿನಂತೆ ಸೆಟೆದುಕೊಳ್ಳುತ್ತದೆ. ಅದರ ಮೇಲುಸ್ವರಗಳು, ಅಂದರೆ ಮೂಲಸ್ವರದ ಜೊತೆಗೇ ನುಡಿಯುವ ಮೇಲಿನ ಸ್ವರಗಳು, ತಮ್ಮ ಜಾಗದಿಂದ ತುಸು ಮೇಲೆ ಸರಿದು ನಾದ ಮಬ್ಬಾಗುತ್ತದೆ.

ಉಳಿದದ್ದು ಉದ್ದ. ಅದೇ ತಂತಿಯನ್ನು, ಅದೇ ಸ್ವರಕ್ಕೆ, 34ರ ಬದಲು 37 ಇಂಚಿಗೆ ಕಟ್ಟಿದರೆ ಬಿಗಿತ ಶೇ. 18ರಷ್ಟು ಹೆಚ್ಚುತ್ತದೆ. ತಂತಿ ಗಟ್ಟಿಯಾಗಿ ನಿಲ್ಲುತ್ತದೆ, ನಾದ ಬಿಡಿಸಿ ಕೇಳುತ್ತದೆ. ಹಾಗೆಂದು ಎಲ್ಲ ತಂತಿಗಳನ್ನೂ 37 ಇಂಚು ಮಾಡಿದರೆ ಮೇಲಿನ ತೆಳು ತಂತಿಗಳು ಅತಿ ಬಿಗಿಯಾಗುತ್ತವೆ, ಕೈಯನ್ನೂ ಹೆಚ್ಚು ಚಾಚಬೇಕಾಗುತ್ತದೆ. ಆದ್ದರಿಂದ ದಪ್ಪ ತಂತಿ ಉದ್ದ, ತೆಳು ತಂತಿ ಗಿಡ್ಡ. ಹೀಗೆ ಮಾಡಿದಾಗ ನಟ್, ಕುದುರೆ, ಫ್ರೆಟ್ ಬಹುಮಟ್ಟಿಗೆ ಎಲ್ಲವೂ ಓರೆಯಾಗುತ್ತವೆ. ಅಮೆರಿಕದ ರಾಲ್ಫ್ ನೊವಾಕ್ 1989ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕೆನಡಾದ ಡಿಂಗ್‌ವಾಲ್ ಕಂಪನಿ ಇದನ್ನು ಬೇಸ್‌ಗೆ ಒಗ್ಗಿಸಿ ಹೆಸರು ಮಾಡಿತು. ಅವರ ಅನೇಕ ಐದು ತಂತಿಯ ಮಾದರಿಗಳಲ್ಲಿ ಬಿ 37 ಇಂಚು, ಜಿ 34 ಇಂಚು.

ದಪ್ಪ ಹೆಚ್ಚಿಸುವುದು, ಉದ್ದ ಹೆಚ್ಚಿಸುವುದು ಎಂಬ ಈ ಎರಡು ದಾರಿಗಳೂ ನಮ್ಮ ಕಡೆಯ ವಾದ್ಯಗಳಲ್ಲಿ ಮೊದಲಿನಿಂದ ಇವೆ. ನಿಮ್ಮ ಜಿಲ್ಲೆಯಿಂದ ದೂರವಲ್ಲದ ಮಿರಜ್‌ನಲ್ಲಿ ತಯಾರಾಗುವ ತಂಬೂರಿಯನ್ನೇ ನೋಡಿ. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ತಂಬೂರಿಯ ನಾಲ್ಕೂ ತಂತಿಗಳ ಉದ್ದ ಒಂದೇ. ಖರ್ಜದ ತಂತಿ ಮಾತ್ರ ದಪ್ಪನೆಯ ಹಿತ್ತಾಳೆಯದು. ಮಾಮೂಲಿ ಐದು ತಂತಿಯ ಬೇಸಿನದೂ ಇದೇ ಕ್ರಮ. ಇನ್ನು ಗಾಯಕರು ತೊಡೆಯ ಮೇಲಿಟ್ಟು ಮೀಟುವ ಸ್ವರಮಂಡಲದಲ್ಲಿ ಮಂದ್ರದ ತಂತಿ ಉದ್ದ, ತಾರಕ್ಕೆ ಹೋದಂತೆ ಗಿಡ್ಡ. ಮಲ್ಟಿಸ್ಕೇಲ್ ಹಿಡಿದಿರುವುದು ಈ ಕ್ರಮವನ್ನು.

ಓರೆ ಫ್ರೆಟ್ ಕಂಡವರಿಗೆ ಸ್ವರಸ್ಥಾನ ತಪ್ಪೀತೆಂಬ ಅಂಜಿಕೆಯೂ ಬರುವುದುಂಟು. ಹಾಗಾಗುವುದಿಲ್ಲ. ಪ್ರತಿ ತಂತಿಗೂ ಅದರದೇ ಉದ್ದದ ಲೆಕ್ಕದಲ್ಲಿ ಫ್ರೆಟ್ ಕೂರಿಸಿರುತ್ತಾರೆ. ಹನ್ನೆರಡನೆಯ ಫ್ರೆಟ್ ಯಾವ ತಂತಿಯಲ್ಲಾದರೂ ಅದರ ಅರ್ಧಕ್ಕೇ ಬರುತ್ತದೆ, ಮೇಲಿನ ಷಡ್ಜವನ್ನೇ ಕೊಡುತ್ತದೆ. ನಟ್‌ನಿಂದ ಮೊದಲ ಫ್ರೆಟ್‌ಗೆ 34 ಇಂಚಿನ ತಂತಿಯಲ್ಲಿ ಸುಮಾರು 4.8 ಸೆಂ.ಮೀ., 37 ಇಂಚಿನದರಲ್ಲಿ 5.3 ಸೆಂ.ಮೀ. ಕೈಗೆ ಗೊತ್ತಾಗುವ ಅಂತರ ಇಷ್ಟೇ. ಕೆಲವು ದಿನಗಳ ಅಭ್ಯಾಸದಲ್ಲಿ ಅದು ಒಗ್ಗುತ್ತದೆ.

ಹಾಗಾದರೆ ಮಗನಿಗೆ ಯಾವುದು?

ಒಂದು, ಹೊಸದಾಗಿ ಕಲಿಯುವವನಿಗೆ ನಾಲ್ಕು ತಂತಿಯ, ನೇರ ಫ್ರೆಟ್‌ನ, 34 ಇಂಚಿನ ಬೇಸ್ ಸಾಕು. ಕೈ ಹಗುರಾಗಿ ಓಡಾಡುತ್ತದೆ. ನುಡಿಸದ ತಂತಿಗಳನ್ನು ಬೆರಳಿನಿಂದ ತಡೆಯುವುದನ್ನು ಮೊದಲು ಕಲಿಯಬೇಕು. ತಂತಿ ಹೆಚ್ಚಿದಷ್ಟೂ ಆ ಕೆಲಸ ಹೆಚ್ಚು.

ಎರಡು, ರಸಮಂಜರಿ ತಂಡ ಸೇರಿ ಸಿನಿಮಾ ಹಾಡು ನುಡಿಸುವ ಹಂತಕ್ಕೆ ಬಂದಾಗ ಐದು ತಂತಿಯದನ್ನು ಯೋಚಿಸಬಹುದು. ಹಾಡು ಡಿ ಅಥವಾ ಸಿ ಶ್ರುತಿಯಲ್ಲಿದ್ದರೆ ಅದರ ಕೆಳಗಿನ ಷಡ್ಜ ಆಗ ಕೈಗೆ ಸಿಗುತ್ತದೆ.

ಮೂರು, ಐದು ತಂತಿಯಲ್ಲಿ ಬಿ ಸಡಿಲವೆನಿಸಿದರೆ ಮಾತ್ರ ಮಲ್ಟಿಸ್ಕೇಲ್. ಅದಕ್ಕೆ ತಂತಿ ಕೊಳ್ಳುವಾಗ ಉದ್ದವನ್ನು ಹೇಳಿಯೇ ಕೊಳ್ಳಬೇಕು. 34 ಇಂಚಿನದಕ್ಕೆಂದು ಮಾಡಿದ ತಂತಿ 37 ಇಂಚಿಗೆ ಸಾಲದೆ ಹೋಗಬಹುದು.

ವೇದಿಕೆಯ ವಿಷಯವೂ ಒಂದು ಗಮನದಲ್ಲಿರಲಿ. ಅನೇಕ ಸ್ಪೀಕರ್‌ಗಳು 40 ಕಂಪನಕ್ಕಿಂತ ಕೆಳಗೆ ದುರ್ಬಲ. 31ರ ಮೂಲಸ್ವರ ಅವುಗಳಿಂದ ಸರಿಯಾಗಿ ಹೊರಡದು. ಕೇಳುವವರ ಕಿವಿ ಮೇಲುಸ್ವರಗಳಿಂದಲೇ ಅದನ್ನು ಊಹಿಸಿಕೊಳ್ಳುತ್ತದೆ. ಉದ್ದ ತಂತಿಯ ಲಾಭ ಇಲ್ಲೇ ಕಾಣುವುದು, ಏಕೆಂದರೆ ಅದರ ಮೇಲುಸ್ವರಗಳು ಸ್ವಚ್ಛ.

ಕೊಳ್ಳುವ ದಿನ ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಬಿ ತಂತಿಯ ಐದನೆಯ ಫ್ರೆಟ್ ಒತ್ತಿ ಮೀಟಿಸಿ, ಬಳಿಕ ಇ ತಂತಿಯನ್ನು ಒತ್ತದೆ ಮೀಟಿಸಿ. ಎರಡೂ ಒಂದೇ ಸ್ವರ. ಪೆಟ್ಟಿ ನುಡಿಸಿ ಪಳಗಿದ ನಿಮ್ಮ ಕಿವಿಗೆ ಎರಡೂ ಒಂದೇ ಬಗೆಯಾಗಿ ಕೇಳಿದರೆ ಆ ವಾದ್ಯದ ಬಿ ತಂತಿ ಚೆನ್ನಾಗಿದೆ. ಫ್ರೆಟ್ ನೇರವಿದ್ದರೂ ಧೈರ್ಯವಾಗಿ ಕೊಳ್ಳಿ. ಬಿ ಮಬ್ಬಾಗಿ ಕೇಳಿದರೆ, ಫ್ರೆಟ್ ಎಷ್ಟೇ ಓರೆಯಾಗಿದ್ದರೂ ಅದನ್ನು ಬಿಟ್ಟು ಬೇರೆ ನೋಡಿ.