ಸಾಂಕೋಲೆಯ ಕಾರಖಾನೆಯೂ ಅಲಸಂದಿಯ ಬೇರುಗಂಟೂ

ಗೋವೆಯ ಮುರಗಾಂವ ತಾಲೂಕಿನ ಸಾಂಕೋಲೆಯನ್ನು ಕಣ್ಣಾರೆ ಕಾಣದ ಕನ್ನಡಿಗರೂ ಅಲ್ಲಿಯ ಸರಕನ್ನು ಬಲ್ಲರು. ಈ ಗ್ರಾಮದ ಝುವಾರಿನಗರದಲ್ಲಿ 1973ರಲ್ಲಿ ರಾಸಾಯನಿಕ ಗೊಬ್ಬರದ ದೊಡ್ಡ ಕಾರಖಾನೆಯೊಂದು ಉತ್ಪಾದನೆಯನ್ನು ಆರಂಭಿಸಿತು. ಅಲ್ಲಿಂದ ಹೊರಟ ‘ಜೈ ಕಿಸಾನ್’ ಚೀಲಗಳು ಘಟ್ಟ ಹತ್ತಿ ನಮ್ಮ ಸೀಮೆಯ ಹೊಲಗಳಿಗೆ ಎಷ್ಟೋ ವರ್ಷಗಳಿಂದ ಬಂದಿವೆ. 2022ರಲ್ಲಿ ಆ ಕಾರಖಾನೆಯು ಪಾರಾದೀಪ ಫಾಸ್ಫೇಟ್ಸ್ ಕಂಪನಿಯ ಕೈಸೇರಿತು.

ಝುವಾರಿನಗರದ ಸುತ್ತಲಿನ ವಸತಿಗಳಲ್ಲಿ ದುಡಿಮೆಗಾಗಿ ಬಂದು ನೆಲೆಸಿದ ಉತ್ತರ ಕರ್ನಾಟಕದ ಕುಟುಂಬಗಳು ಬಹಳ. ಅವರಲ್ಲಿ ಅನೇಕರಿಗೆ ಊರಲ್ಲಿ ಎರಡೋ ನಾಲ್ಕೋ ಎಕರೆ ಮಳೆಯ ಹೊಲವುಂಟು. ಇಲ್ಲಿ ಬೆವರು ಸುರಿಸಿ ಗಳಿಸಿದ ಕೂಲಿಯ ಒಂದು ಪಾಲು ಮೃಗಶಿರಾ ಮಳೆಯ ಹೊತ್ತಿಗೆ ಊರಿಗೆ ಹೋಗಿ ಗೊಬ್ಬರದ ಅಂಗಡಿಯನ್ನು ಸೇರುತ್ತದೆ. ಆ ಹಣದಲ್ಲಿ ಯಾವುದು ಅವಶ್ಯವಾದ ಖರ್ಚು, ಯಾವುದು ವ್ಯರ್ಥವಾದದ್ದು ಎಂಬುದನ್ನು ತಿಳಿದುಕೊಳ್ಳಲು ಈ ಪಾಠವು ನೆರವಾಗಬಹುದು.

1. ಜೈವಿಕ ತಂತ್ರಜ್ಞಾನವೆಂದರೇನು?

ಹೆಸರು ದೊಡ್ಡದು, ಅರ್ಥ ಸುಲಭವಾದದ್ದು. ಜೀವಿಗಳಿಂದ, ಇಲ್ಲವೆ ಜೀವಿಗಳ ಯಾವುದಾದರೊಂದು ಅಂಶದಿಂದ, ನಮಗೆ ಬೇಕಾದ ಕೆಲಸವನ್ನು ತಿಳಿದು ಮಾಡಿಸಿಕೊಳ್ಳುವ ವಿದ್ಯೆಯೇ ಜೈವಿಕ ತಂತ್ರಜ್ಞಾನ. ಹಾಲಿಗೆ ಹೆಪ್ಪು ಹಾಕುವ ತಾಯಿ ಈ ವಿದ್ಯೆಯನ್ನು ದಿನಾಲು ನಡೆಸುತ್ತಾಳೆ. ಹೆಪ್ಪಿನಲ್ಲಿರುವ ಕಣ್ಣಿಗೆ ಕಾಣದ ಜೀವಾಣುಗಳು ಹಾಲಿನ ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತವೆ, ಹಾಲು ಮೊಸರಾಗುತ್ತದೆ. ಗೋವೆಯ ಮನೆಗಳಲ್ಲಿ ಶೇಂದಿ ಬೆರೆಸಿ ಸಾನ್ನಗಳನ್ನು ಉಬ್ಬಿಸುವ ಪದ್ಧತಿಯೂ ಇದೇ ಜಾತಿಯದು.

ಹೆಪ್ಪಿನ ವಿಷಯದಲ್ಲಿ ನಮ್ಮ ಮನೆಯವರಿಗೆ ಮೂರು ಮಾತು ಚೆನ್ನಾಗಿ ಗೊತ್ತು. ಹೆಪ್ಪು ಜೀವಂತವಾಗಿರಬೇಕು. ಹಾಲು ಕುದಿಯುತ್ತಿರುವಾಗ ಹಾಕಕೂಡದು. ಹಾಕಿದ ಮೇಲೆ ಅದಕ್ಕೆ ತಕ್ಕ ಬೆಚ್ಚನೆಯ ಸ್ಥಳ ಬೇಕು. ಈ ಮೂರನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಪಾಠವೆಲ್ಲ ಅರ್ಧ ತಿಳಿದಂತೆಯೇ.

2. ಒಂದೇ ಕೆಲಸ, ಎರಡು ಕಾರಖಾನೆ

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದೆ. ಬೆಳೆಯ ಹಸುರಿಗೂ ಕಾಳಿನ ಸತ್ವಕ್ಕೂ ಬೇಕಾದುದು ಇದೇ. ಆದರೆ ಗಾಳಿಯಲ್ಲಿ ಸಾರಜನಕದ ಪರಮಾಣುಗಳು ಎರಡೆರಡಾಗಿ ಬಲವಾಗಿ ಬಿಗಿದುಕೊಂಡಿರುತ್ತವೆ. ಆ ಬಿಗಿತವನ್ನು ಬಿಡಿಸುವ ಶಕ್ತಿ ಯಾವ ಗಿಡಕ್ಕೂ ಇಲ್ಲ. ಹೊಳೆಯ ನಡುವೆ ನಿಂತವನು ಬಾಯಾರಿದಂತೆ, ಸಾರಜನಕದ ನಡುವೆಯೇ ನಿಂತ ಬೆಳೆ ಸಾರಜನಕವಿಲ್ಲದೆ ಹಳದಿಯಾಗುತ್ತದೆ.

ಈ ಗಂಟನ್ನು ಬಿಡಿಸುವ ಉಪಾಯವನ್ನು ಜರ್ಮನಿಯ ಫ್ರಿಟ್ಸ್ ಹಾಬರ್ ಎಂಬ ವಿಜ್ಞಾನಿಯು 1909ರಲ್ಲಿ ತೋರಿಸಿದನು. ಕಾರ್ಲ್ ಬಾಶ್ ಎಂಬವನು ಅದನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದನು. 1913ರಲ್ಲಿ ಆ ದೇಶದ ಓಪೌ ಎಂಬಲ್ಲಿ ಕಾರಖಾನೆ ನಡೆಯತೊಡಗಿತು. ಸಾಂಕೋಲೆಯಲ್ಲಿ ನಡೆಯುವುದೂ ಅದೇ ವಿಧಾನ. ಮೊದಲು ನಾಫ್ತಾದಿಂದ, ಈಚೆಗೆ ನೈಸರ್ಗಿಕ ಅನಿಲದಿಂದ ಜಲಜನಕವನ್ನು ತೆಗೆದು, ಗಾಳಿಯ ಸಾರಜನಕದೊಡನೆ ಕೂಡಿಸಿ ಅಮೋನಿಯ ಮಾಡುತ್ತಾರೆ, ಅಮೋನಿಯದಿಂದ ಯೂರಿಯಾ. ಇಂಥ ಕಾರಖಾನೆಗಳಲ್ಲಿ ಅಮೋನಿಯ ಕೂಡುವುದಕ್ಕೆ 400ರಿಂದ 500 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯೂ, ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರು ಪಟ್ಟಿಗೂ ಮಿಕ್ಕಿದ ಒತ್ತಡವೂ ಬೇಕು.

ಇನ್ನು ಎರಡನೆಯ ಕಾರಖಾನೆಯನ್ನು ನೋಡಿರಿ. ಗೋವೆಯಲ್ಲಿ ಮಳೆಗಾಲದ ಭತ್ತ ಕೊಯ್ದ ಮೇಲೆ ಗದ್ದೆಯ ಉಳಿದ ತೇವದಲ್ಲೇ ಅಲಸಂದಿಯನ್ನು ಬಿತ್ತುವ ರೂಢಿಯುಂಟು. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣುಸಹಿತ ಅಗೆದು ತೆಗೆದರೆ ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಆ ಗಂಟುಗಳಲ್ಲಿ ರೈಜೋಬಿಯಂ ಜಾತಿಯ ಜೀವಾಣುಗಳು ಕುಳಿತು, ಬೆಂಕಿಯಿಲ್ಲದೆ, ಹೊಗೆಯಿಲ್ಲದೆ, ಮಣ್ಣಿನ ತಂಪಿನಲ್ಲಿಯೇ ಗಾಳಿಯ ಸಾರಜನಕವನ್ನು ಅಮೋನಿಯವಾಗಿ ಮಾಡಿ ಗಿಡಕ್ಕೆ ಕೊಡುತ್ತವೆ. ಜರ್ಮನಿಯ ಹೆಲ್‌ರೀಗೆಲ್ ಎಂಬವನು ಈ ಸಂಗತಿಯನ್ನು 1886ರಲ್ಲಿ ಲೋಕಕ್ಕೆ ತಿಳಿಸಿದನು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬವನು ಗಂಟಿನ ಜೀವಾಣುವನ್ನು ಬೇರ್ಪಡಿಸಿ ಬೆಳೆಸಿದನು. ಇಂಥ ಜೀವಾಣುವನ್ನು ಹೇರಳವಾಗಿ ಬೆಳೆಸಿ ಪೊಟ್ಟಣ ಕಟ್ಟಿ ಬೀಜಕ್ಕೆ ಹಚ್ಚುವುದೇ ಈಗಿನ ಜೈವಿಕ ಗೊಬ್ಬರ. ಅದು ಹೊಲಕ್ಕೆ ಹಾಕುವ ಹೆಪ್ಪು.

3. ಗಂಟಿನೊಳಗಿನ ಕೂಲಿಯ ಕರಾರು

ಜೀವಾಣು ಪುಕ್ಕಟೆಯಾಗಿ ದುಡಿಯುವುದಿಲ್ಲ. ಗಿಡವು ಎಲೆಯಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರಿಗೆ ಕಳಿಸಿ ಅದಕ್ಕೆ ಕೂಲಿ ಕೊಡುತ್ತದೆ. ಸಾರಜನಕದ ಬಿಗಿತವನ್ನು ಬಿಡಿಸುವುದು ಜೀವಾಣುವಿನಲ್ಲಿರುವ ನೈಟ್ರೋಜಿನೇಸ್ ಎಂಬ ಕಿಣ್ವ. ಈ ಕಿಣ್ವಕ್ಕೆ ಆಮ್ಲಜನಕದ ಸೋಂಕು ತಗಲಿದರೆ ಕೆಟ್ಟುಹೋಗುತ್ತದೆ. ಅದಕ್ಕಾಗಿ ಗಂಟಿನಲ್ಲಿ ನಮ್ಮ ರಕ್ತದ ಕೆಂಪಿನಂಥದೇ ಒಂದು ಕೆಂಪು ದ್ರವ್ಯವಿದ್ದು, ಆಮ್ಲಜನಕವನ್ನು ಹಿಡಿದು ಹಿಡಿದು ಹದವಾಗಿ ಬಿಡುತ್ತದೆ.

ಇದರಿಂದ ರೈತನಿಗೆ ಒಂದು ಸುಲಭವಾದ ಪರೀಕ್ಷೆ ದೊರೆಯಿತು. ಗಂಟನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆದಿದೆ. ಬಿಳಿ, ಹಸುರು, ಇಲ್ಲವೆ ಕಂದು ಬಣ್ಣವಿದ್ದರೆ ಗಂಟು ಎಳೆಯದು, ನಿಷ್ಕ್ರಿಯವಾದದ್ದು ಅಥವಾ ಮುದಿಯಾದದ್ದು.

ಇನ್ನೊಂದು ಮುಖ್ಯ ಮಾತು. ಮಣ್ಣಿನಲ್ಲಿ ಯೂರಿಯಾದ ಸಾರಜನಕ ಹೇರಳವಾಗಿದ್ದರೆ ಗಿಡವು ಜೀವಾಣುವಿಗೆ ಕೂಲಿ ಕೊಟ್ಟು ದುಡಿಸುವ ಗೋಜಿಗೆ ಹೋಗುವುದಿಲ್ಲ, ಗಂಟುಗಳು ಕಡಿಮೆಯಾಗುತ್ತವೆ. ಬೇಳೆಯ ಬೆಳೆಗೆ ಯೂರಿಯಾ ಸುರಿಯುವವನು ಎರಡು ಸಲ ಹಣ ಕಳೆದುಕೊಳ್ಳುತ್ತಾನೆ: ಚೀಲಕ್ಕೆ ಕೊಟ್ಟದ್ದು ಒಂದು, ಪುಕ್ಕಟೆ ಬರಬೇಕಾದ ಸಾರಜನಕವನ್ನು ಬಿಟ್ಟದ್ದು ಇನ್ನೊಂದು.

4. ಚೀಲದ ಲೆಕ್ಕ

45 ಕಿಲೋ ಯೂರಿಯಾ ಚೀಲದಲ್ಲಿ ಶೇಕಡಾ 46ರಂತೆ ಸುಮಾರು 20.7 ಕಿಲೋ ಸಾರಜನಕವಿದೆ. 50 ಕಿಲೋ ಡಿಎಪಿ ಚೀಲದಲ್ಲಿ 9 ಕಿಲೋ ಸಾರಜನಕವೂ 23 ಕಿಲೋ ರಂಜಕವೂ ಇವೆ. ಬೇಳೆಯ ಬೆಳೆಗಳಿಗೆ, ಗಂಟು ಕಟ್ಟುವ ತನಕ ಸಸಿಯ ಆಸರೆಗೆಂದು, ಎಕರೆಗೆ ಸುಮಾರು 10 ಕಿಲೋ ಸಾರಜನಕ ಸಾಕೆಂಬುದು ಸಾಮಾನ್ಯವಾದ ಶಿಫಾರಸು. ಅಂದಮೇಲೆ ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ ಹಾಕಿದವನಿಗೆ ಆ ಆಸರೆ ಅದರಲ್ಲಿಯೇ ಬಂದಿತು. ಮೇಲುಗೊಬ್ಬರವೆಂದು ತೊಗರಿಗೆ, ಹೆಸರಿಗೆ, ಅಲಸಂದಿಗೆ ಮತ್ತೆ ಯೂರಿಯಾ ಎರಚುವ ಕಾರಣವಿಲ್ಲ. ರಂಜಕವನ್ನು ಮಾತ್ರ ತಪ್ಪಿಸಕೂಡದು. ಜೀವಾಣುಗಳ ಕೆಲಸಕ್ಕೆ ಅದು ಬೇಕೇ ಬೇಕು. ಗೋವೆಯ ಜಂಬಿಟ್ಟಿಗೆ ಮಣ್ಣು ಅದನ್ನು ಬಿಗಿಹಿಡಿದು ಬೆಳೆಗೆ ಸುಲಭವಾಗಿ ಬಿಡುವುದಿಲ್ಲ.

5. ಪೊಟ್ಟಣವನ್ನು ಕೊಳ್ಳುವ ಬಗೆ

ಮೊದಲು ಬೆಳೆಯ ಹೆಸರನ್ನು ಓದಬೇಕು. ಅಲಸಂದಿ, ಹೆಸರು, ಉದ್ದು, ತೊಗರಿ, ಹುರಳಿ, ಶೇಂಗಾ ಇವು ಹೆಚ್ಚುಕಡಿಮೆ ಒಂದೇ ಬಳಗದ ಜೀವಾಣುಗಳನ್ನು ಒಪ್ಪಿಕೊಳ್ಳುತ್ತವೆ. ಕಡಲೆಗೆ ಬೇರೆ, ಸೋಯಾ ಅವರೆಗೆ ಬೇರೆ. ಕಡಲೆಯ ಪೊಟ್ಟಣ ತಂದು ಅಲಸಂದಿಗೆ ಹಚ್ಚಿದರೆ ಪ್ರಯೋಜನವಿಲ್ಲ.

ಎರಡನೆಯದಾಗಿ, ಅವಧಿ ಮುಗಿಯುವ ದಿನಾಂಕವನ್ನು ನೋಡಬೇಕು. 2006ರಲ್ಲಿ ಜೈವಿಕ ಗೊಬ್ಬರಗಳನ್ನೂ ಗೊಬ್ಬರ ನಿಯಂತ್ರಣ ಆದೇಶದೊಳಗೆ ಸೇರಿಸಲಾಯಿತು. ಅದರಂತೆ ಪುಡಿಯ ರೂಪದ ರೈಜೋಬಿಯಂ ಗೊಬ್ಬರದ ಒಂದು ಗ್ರಾಮಿನಲ್ಲಿ ಕನಿಷ್ಠ 5 ಕೋಟಿ ಜೀವಂತ ಜೀವಾಣುಗಳಿರಬೇಕು. ಬಿಸಿಲು ಬೀಳುವ ಅಂಗಡಿಯ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಬಿದ್ದ ಪೊಟ್ಟಣದಲ್ಲಿ ಅಷ್ಟು ಉಳಿಯುವ ಭರವಸೆಯಿಲ್ಲ. ಸತ್ತ ಹೆಪ್ಪಿನಿಂದ ಮೊಸರಾಗುವುದುಂಟೇ? ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆಗಳಲ್ಲಿ ಜೈವಿಕ ಗೊಬ್ಬರ ತಯಾರಾಗುತ್ತದೆ. ಗೋವೆಯಲ್ಲಿರುವವರು ಹಳೇ ಗೋವೆಯ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಸಲಹೆ ಕೇಳಬಹುದು.

6. ಬೀಜೋಪಚಾರದ ಕ್ರಮ

(ಅ) 25 ಗ್ರಾಂ ಬೆಲ್ಲವನ್ನು ಕಾಲು ಲೀಟರ ನೀರಿನಲ್ಲಿ ಕುದಿಸಿ ಪೂರ್ತಿ ಆರಿಸಬೇಕು. ಬಿಸಿ ಪಾಕವು ಜೀವಾಣುವನ್ನು ಕೊಲ್ಲುತ್ತದೆ.

(ಆ) ಎಕರೆಗೆ ಬೇಕಾಗುವ 8–10 ಕಿಲೋ ಬೀಜಕ್ಕೆ ಈ ಪಾಕವನ್ನು ಅಂಟಾಗುವಷ್ಟೇ ಚಿಮುಕಿಸಿ, 200 ಗ್ರಾಂ ಪೊಟ್ಟಣದ ಪುಡಿಯನ್ನು ಬೆರೆಸಬೇಕು. ಶೇಂಗಾಕ್ಕೆ ಬೀಜ ಹೆಚ್ಚಾದುದರಿಂದ ಪುಡಿಯೂ ಹೆಚ್ಚು ಬೇಕು. ಅದರ ಸಿಪ್ಪೆ ಸುಲಿಯದಂತೆ ಮೆಲ್ಲಗೆ ಕೈಯಾಡಿಸಬೇಕು.

(ಇ) ನೆರಳಿನಲ್ಲಿ ಆರಿಸಿ ಅದೇ ದಿನ ಬಿತ್ತಬೇಕು. ಬಿಸಿಲಿಗೆ ಹರವಕೂಡದು.

(ಈ) ಬೀಜಕ್ಕೆ ಔಷಧ ಹಚ್ಚುವುದಿದ್ದರೆ ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಕಟ್ಟಕಡೆಗೆ ಜೀವಾಣು. ರಾಸಾಯನಿಕ ಗೊಬ್ಬರವನ್ನು ಈ ಬೀಜದೊಡನೆ ಕಲಸಲೇಬಾರದು.

(ಉ) ಗೋವೆಯಂಥ ಹುಳಿ ಮಣ್ಣಿನಲ್ಲಿ ಜೀವಾಣು ಸೊರಗುತ್ತದೆ. ಅಂಥಲ್ಲಿ ಉಪಚಾರ ಮಾಡಿದ ಬೀಜಕ್ಕೆ ಸುಣ್ಣಕಲ್ಲಿನ ನುಣ್ಣನೆಯ ಹಿಟ್ಟನ್ನು ಲೇಪಿಸಿದರೆ ಒಳ್ಳೆಯದು. ಸುಟ್ಟ ಸುಣ್ಣ ಉಪಯೋಗಿಸಬಾರದು.

7. ಹೊಲದಲ್ಲಿಯೇ ಪರೀಕ್ಷೆ

ಯಾರ ಮಾತನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಹೊಲದಲ್ಲಿ ಹತ್ತು ಸಾಲನ್ನು ಉಪಚಾರವಿಲ್ಲದೆ ಮೊದಲು ಬಿತ್ತಿ, ಉಳಿದುದನ್ನು ಉಪಚಾರದ ಬೀಜದಿಂದ ಬಿತ್ತಿರಿ. ಕ್ರಮ ಅದಲುಬದಲಾದರೆ ಕೈಗೆ, ಕೂರಿಗೆಗೆ ಅಂಟಿದ ಜೀವಾಣು ಎರಡೂ ಕಡೆ ಸೇರುತ್ತದೆ. ಹೂ ಕಾಣಿಸಿದಾಗ ಎರಡೂ ಕಡೆಯಿಂದ ಐದೈದು ಗಿಡಗಳನ್ನು ಅಗೆದು ತೆಗೆದು, ಬೇರನ್ನು ನೀರಿನಲ್ಲಿ ಅದ್ದಿ ತೊಳೆದು, ಗಂಟುಗಳನ್ನು ಎಣಿಸಿ ಸೀಳಿ ನೋಡಿರಿ. ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿಯುತ್ತವೆ. ಶಾಲೆಗೆ ಹೋಗುವ ಮಕ್ಕಳ ಕೈಯಿಂದ ಈ ಎಣಿಕೆ ಮಾಡಿಸಿರಿ. ಪುಸ್ತಕದ ಪಾಠ ಅವರಿಗೆ ಹೊಲದಲ್ಲಿ ತಿಳಿಯುತ್ತದೆ. ಎರಡೂ ಕಡೆ ಸಮನಾಗಿ ಕೆಂಪು ಗಂಟುಗಳಿದ್ದರೆ ನಿಮ್ಮ ಮಣ್ಣಿನಲ್ಲಿ ಒಳ್ಳೆಯ ಜೀವಾಣು ಮೊದಲೇ ಇದೆಯೆಂದು ತಿಳಿಯಬೇಕು.

8. ಎಲ್ಲಿಯವರೆಗೆ ನಂಬಬೇಕು?

ಈ ವಿದ್ಯೆಗೆ ಎಲ್ಲೆಯೂ ಉಂಟು. ಜೋಳ, ಭತ್ತ, ಗೋವಿನಜೋಳಗಳ ಬೇರಿನಲ್ಲಿ ಇಂಥ ಗಂಟು ಕಟ್ಟುವುದಿಲ್ಲ. ಅವಕ್ಕೆ ತಿಪ್ಪೆಗೊಬ್ಬರವೂ ಚೀಲದ ಗೊಬ್ಬರವೂ ಬೇಕು. ಸಾಂಕೋಲೆಯ ಕಾರಖಾನೆ ವ್ಯರ್ಥವೆಂದು ಯಾರೂ ತಿಳಿಯಬಾರದು. ಬೇಳೆಯ ಬೆಳೆ ಹಿಡಿದ ಸಾರಜನಕದಲ್ಲಿ ದೊಡ್ಡ ಪಾಲು ಕಾಳಿನೊಡನೆ ಕಣಕ್ಕೆ ಹೋಗುತ್ತದೆ. ಹೊಟ್ಟನ್ನೂ ಉದುರೆಲೆಯನ್ನೂ ಸುಡದೆ ಮಣ್ಣಿಗೆ ಸೇರಿಸಿದರೆ ಮಾತ್ರ ಮುಂದಿನ ಜೋಳಕ್ಕೆ ಅದರ ಉಪಕಾರವಾದೀತು.

ಭತ್ತವೂ ಜೋಳವೂ ತಾವೇ ಸಾರಜನಕ ಹಿಡಿಯುವಂತೆ ಮಾಡಬಹುದೇ? ಜೈವಿಕ ತಂತ್ರಜ್ಞಾನದ ದೊಡ್ಡ ಕನಸುಗಳಲ್ಲಿ ಇದೊಂದು. ಜೀವಿಯ ಗುಣವನ್ನು ನಿಶ್ಚಯಿಸುವ ವಂಶವಾಹಿಗಳನ್ನು ಒಂದು ಜೀವಿಯಿಂದ ತೆಗೆದು ಇನ್ನೊಂದಕ್ಕೆ ಸೇರಿಸುವ ವಿದ್ಯೆ ಈಗ ಮನುಷ್ಯನ ಕೈಯಲ್ಲಿದೆ. 1972ರಲ್ಲಿ ಇಂಗ್ಲಂಡಿನ ಡಿಕ್ಸನ್ ಮತ್ತು ಪೋಸ್ಟ್‌ಗೇಟ್ ಎಂಬವರು ಸಾರಜನಕ ಹಿಡಿಯುವ ವಂಶವಾಹಿಗಳನ್ನು ಒಂದು ಜೀವಾಣುವಿನಿಂದ ಇನ್ನೊಂದು ಜೀವಾಣುವಿಗೆ ಸಾಗಿಸಿದರು. ಆದರೆ ಧಾನ್ಯದ ಬೆಳೆಗಳಲ್ಲಿ ಇದು ಇಂದಿಗೂ ರೈತನ ಕೈಗೆ ಬಂದಿಲ್ಲ. ಬಂದುದರಲ್ಲಿ ನಮಗೆ ಪರಿಚಿತವಾದದ್ದು ಬಿಟಿ ಹತ್ತಿ. ಮಣ್ಣಿನ ಒಂದು ಜೀವಾಣುವಿನ ವಂಶವಾಹಿಯನ್ನು ಸೇರಿಸಿದ ಈ ಹತ್ತಿಗೆ ಹಿಂದುಸ್ಥಾನದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಕಾಯಿಕೊರಕದ ಹಾವಳಿ ತಗ್ಗಿತು. ಮುಂದೆ ಗುಲಾಬಿ ಕಾಯಿಕೊರಕವು ಅದಕ್ಕೂ ಒಗ್ಗಿಕೊಂಡಿತು. ಜೀವಿಯೊಡನೆ ಮಾಡುವ ವ್ಯವಹಾರದಲ್ಲಿ ಎದುರಿನ ಜೀವಿಯೂ ಸುಮ್ಮನಿರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಅದೇ ಝುವಾರಿನಗರದಲ್ಲಿ ಬಿಟ್ಸ್ ಪಿಲಾನಿ ಸಂಸ್ಥೆಯು 2004ರಲ್ಲಿ ತೆರೆದ ವಿದ್ಯಾಲಯವಿದ್ದು, ಅಲ್ಲಿ ಜೀವವಿಜ್ಞಾನದ ವಿಭಾಗವೂ ಇದೆ. ಕಾರಖಾನೆಯ ಆಸುಪಾಸಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಅಂಥ ಕಡೆ ಕಲಿಯುವ ದಿನವೂ ಬರಲಿ. ಅಲ್ಲಿಯವರೆಗೆ ಊರಿಗೆ ಹಣ ಕಳಿಸುವವರು, ಬಿತ್ತುವ ಅಣ್ಣತಮ್ಮಂದಿರಿಗೆ ಈ ನಾಲ್ಕು ಪ್ರಶ್ನೆಗಳನ್ನೂ ಕೇಳಿ ಕಳಿಸಬೇಕು.

ಅಭ್ಯಾಸ

1. ಈ ವರ್ಷ ಬಿತ್ತುವುದು ಬೇಳೆಯ ಬೆಳೆಯೋ, ಧಾನ್ಯದ ಬೆಳೆಯೋ?
2. ಡಿಎಪಿ ಹಾಕಿದ ಮೇಲೆ ಬೇಳೆಗೆ ಯೂರಿಯಾ ಯಾತಕ್ಕೆ?
3. ಪೊಟ್ಟಣದ ಮೇಲೆ ಯಾವ ಬೆಳೆಯ ಹೆಸರಿದೆ, ಯಾವ ತಾರೀಖಿದೆ?
4. ಹೂ ಬಿಟ್ಟಾಗ ಗಂಟು ಸೀಳಿ ನೋಡಿದಿರಾ? ಬಣ್ಣ ಯಾವುದು?